ಮೀನು ಹುಡಿಯೊಳಗಿನ ಪ್ಲಾಸ್ಟಿಕ್: ಕಡಲಿನಿಂದ ಕೋಳಿ ಆಹಾರದ ತನಕ

ಮಂಗಳೂರಿನ ದಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಟ್ರಾಲ್ ಬೋಟೊಂದು ಮೀನು ಇಳಿಸುವಾಗ ಅದು ತಂದ ಸರಕು ಎರಡು ದಾರಿ ಹಿಡಿಯುತ್ತದೆ. ಅಂಜಲ್, ಮಾಂಜಿ, ಬೊಂಡಾಸ್, ಸಿಗಡಿಯಂಥವು ಹರಾಜಿಗೆ ಹೋಗಿ ಅಲ್ಲಿಂದ ಅಡುಗೆಮನೆ ಸೇರುತ್ತವೆ. ಉಳಿದದ್ದು, ಅಂದರೆ ಬೆರಳುದ್ದದ ಮರಿಗಳು, ಬಲೆಯಲ್ಲಿ ಜಜ್ಜಿಹೋದವು, ತಿನ್ನಲು ಗಿರಾಕಿಯಿಲ್ಲದ ಜಾತಿಗಳು, ಕರಾವಳಿಯವರು ಕಾರ್ಗಿಲ್ ಮೀನು ಎಂದು ಕರೆಯುವ ಕಪ್ಪು ಮೀನಿನ ರಾಶಿ, ಹಾಗೂ ಹೇರಳವಾಗಿ ಸಿಕ್ಕ ದಿನಗಳಲ್ಲಿ ಬೂತಾಯಿಯೂ ಲಾರಿ ಏರಿ ಮೀನು ಹುಡಿ ಕಾರ್ಖಾನೆಗಳಿಗೆ ಸಾಗುತ್ತವೆ. ಉಳ್ಳಾಲದ ಕೋಟೆಪುರದ ಸುತ್ತಮುತ್ತ ಮತ್ತು ಉಡುಪಿಯ ಕಡಲ ತೀರದಲ್ಲಿ ಇರುವ ಈ ಕಾರ್ಖಾನೆಗಳು ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ, ಅರೆದು ಕಂದು ಬಣ್ಣದ ಹುಡಿಯನ್ನೂ ಮೀನೆಣ್ಣೆಯನ್ನೂ ತಯಾರಿಸುತ್ತವೆ. ನೂರಕ್ಕೆ ಅರವತ್ತರ ಆಸುಪಾಸು ಪ್ರೋಟೀನ್ ಇರುವ ಈ ಹುಡಿ ಸಿಗಡಿ, ಮೀನು, ಕೋಳಿ, ಹಂದಿ ಮತ್ತು ಸಾಕುಪ್ರಾಣಿಗಳ ಆಹಾರದಲ್ಲಿ ಬೆರೆಯುತ್ತದೆ.

ಮೀನು ತಿನ್ನದವರ ಊಟದ ತಟ್ಟೆಗೂ ಕಡಲಿಗೂ ಸಂಬಂಧ ಕಲ್ಪಿಸುವ ಈ ಹುಡಿಯಲ್ಲಿ ಈಗ ಪ್ಲಾಸ್ಟಿಕ್ ಸೇರಿಕೊಂಡಿದೆ. ಜಗತ್ತಿನ ಹಲವು ದೇಶಗಳ ಮೀನು ಹುಡಿಯನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಬಹುತೇಕ ಎಲ್ಲ ಮಾದರಿಗಳಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕಿವೆ. ಈ ಸಂಗತಿ ಎಷ್ಟರ ಮಟ್ಟಿಗೆ ಆತಂಕಕಾರಿ, ಎಷ್ಟರ ಮಟ್ಟಿಗೆ ಅಲ್ಲ, ಯಾವ ಹಂತದಲ್ಲಿ ಅದನ್ನು ತಡೆಯಬಹುದು ಎಂಬುದನ್ನು ತಿಳಿಯಬೇಕಾದರೆ, ಒಂದು ಕಣ ಕಡಲಿನಿಂದ ಕೋಳಿಯ ಹೊಟ್ಟೆಯವರೆಗೆ ಬರುವ ದಾರಿಯನ್ನು ತಾಳ್ಮೆಯಿಂದ ನೋಡಬೇಕಾಗುತ್ತದೆ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎಂದು ಕರೆಯುವುದು ರೂಢಿ. ಬ್ರಿಟನ್ನಿನ ಕಡಲ ಜೀವಶಾಸ್ತ್ರಜ್ಞ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದರ ನಂತರ ಈ ಕಣಗಳ ಅಧ್ಯಯನ ವೇಗ ಪಡೆಯಿತು. ಕೆಲವು ಕಣಗಳು ಹುಟ್ಟುವಾಗಲೇ ಚಿಕ್ಕವು: ಪ್ಲಾಸ್ಟಿಕ್ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿ ಹೋಗುವ, ಸಾಬಕ್ಕಿಯಷ್ಟು ಗಾತ್ರದ ಹರಳುಗಳು ಈ ಬಗೆಯವು. 2021ರಲ್ಲಿ ಕೊಲಂಬೊ ಸಮೀಪ ಎಕ್ಸ್‌-ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದಾಗ ಇಂಥ ಸುಮಾರು 1,680 ಟನ್ ಹರಳು ಕಡಲು ಸೇರಿತ್ತು. 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯಾಚೆ ಮುಳುಗಿದಾಗಲೂ ಕೇರಳದ ದಕ್ಷಿಣ ತೀರಗಳ ಮರಳಿನ ಮೇಲೆ ಬಿಳಿ ಹರಳುಗಳು ಹಾಸಿಕೊಂಡವು. ಆದರೆ ಕಡಲಲ್ಲಿರುವ ಕಣಗಳಲ್ಲಿ ಬಹುಪಾಲು ಇಂಥ ಅವಘಡಗಳಿಂದ ಬಂದವಲ್ಲ. ಕೈಚೀಲ, ಬಾಟಲಿ, ಹೊದಿಕೆ, ಹಗ್ಗ, ಬಟ್ಟೆ, ಟೈರು ಇವೆಲ್ಲ ಬಿಸಿಲಿಗೆ ಪೆಡಸಾಗಿ, ತಿಕ್ಕಾಟಕ್ಕೆ ಸಿಕ್ಕಿ, ಮತ್ತೆ ಮತ್ತೆ ಒಡೆದು ಉಳಿಸಿದ ಚೂರುಗಳೇ ಅವು.

ನಮ್ಮ ನೇತ್ರಾವತಿಯನ್ನೇ ತೆಗೆದುಕೊಳ್ಳಬಹುದು. ಮಣಿಪಾಲದ ಸಂಶೋಧಕರು ಈ ನದಿಯ ನೀರು, ತಳದ ಕೆಸರು ಮತ್ತು ದಡದ ಮಣ್ಣನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಕಣಗಳೂ ಒಂದು ಕಿಲೋ ಕೆಸರಿನಲ್ಲಿ ಸರಾಸರಿ 96 ಕಣಗಳೂ ಇದ್ದವು. ಅವುಗಳಲ್ಲಿ ನೂಲಿನಂಥ ಎಳೆಗಳು, ತೆಳು ಹಾಳೆಯ ತುಣುಕುಗಳು ಮತ್ತು ಗಟ್ಟಿ ಚೂರುಗಳು ಎದ್ದು ಕಂಡವು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಧರ್ಮಸ್ಥಳ, ಬಂಟ್ವಾಳಗಳನ್ನು ಹಾದು ಬರುವ ಆ ನೀರು ಉಳ್ಳಾಲದ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಆ ಅಳಿವೆಯ ಪಕ್ಕದಲ್ಲೇ ಮೀನು ಹುಡಿ ಕಾರ್ಖಾನೆಗಳಿವೆ. ಅದರ ಎದುರಿನ ಕಡಲಿನಲ್ಲೇ ಅವುಗಳಿಗೆ ಬೇಕಾದ ಮೀನಿನ ಒಂದು ಪಾಲು ಸಿಗುತ್ತದೆ.

ಈ ಕಣಗಳು ಮೀನಿನ ಹೊಟ್ಟೆ ಸೇರುವ ಬಗೆ ಮೀನಿನ ಊಟದ ಕ್ರಮವನ್ನು ಅವಲಂಬಿಸಿದೆ. ಬೂತಾಯಿ ತನ್ನ ಬೇಟೆಯನ್ನು ಒಂದೊಂದಾಗಿ ಆರಿಸಿ ತಿನ್ನುವ ಮೀನಲ್ಲ. ಅದು ಬಾಯಿ ತೆರೆದು ಈಜುತ್ತಾ ನೀರನ್ನು ಕಿವಿರುಗಳ ಮೂಲಕ ಹೊರಗೆ ಬಿಡುತ್ತದೆ. ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ದಟ್ಟವಾಗಿ ಸಾಲುಗಟ್ಟಿದ ಎಳೆಗಳು ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನೂ ಸಿಗಡಿಯ ಬಳಗದ ಪುಟ್ಟ ಕಠಿಣಚರ್ಮಿಗಳನ್ನೂ ತಡೆದು ನಿಲ್ಲಿಸುತ್ತವೆ. ಆ ಆಹಾರದ ಗಾತ್ರದ್ದೇ ಆದ ಪ್ಲಾಸ್ಟಿಕ್ ಚೂರು ಬಂದರೆ ಅದೂ ಅಲ್ಲೇ ನಿಲ್ಲುತ್ತದೆ. ಬೇರ್ಪಡಿಸುವ ಉಪಾಯ ಮೀನಿಗಿಲ್ಲ. ಕೊಚ್ಚಿ ಹಾಗೂ ತೂತುಕುಡಿಯ ಕಡಲಿನಲ್ಲಿ ಹಿಡಿದ ಮೀನುಗಳ ಕರುಳಿನಲ್ಲಿ ಕಣಗಳು ಕಂಡದ್ದು ಈಗಾಗಲೇ ದಾಖಲಾಗಿದೆ, ಬಂಗುಡೆಯೂ ಇದಕ್ಕೆ ಹೊರತಲ್ಲ. ಕಡಲ ತಳದಲ್ಲಿ ಮೇಯುವ ಮೀನುಗಳಿಗೆ ಕೆಸರಿನಲ್ಲಿ ಹೂತ ಕಣಗಳು ಸಿಗುತ್ತವೆ. ದೊಡ್ಡ ಮೀನುಗಳಿಗೆ ತಾವು ನುಂಗಿದ ಚಿಕ್ಕ ಮೀನಿನ ಹೊಟ್ಟೆಯೊಳಗಿನದ್ದು ದಕ್ಕುತ್ತದೆ.

ಮನೆಯಲ್ಲಿ ಅಡುಗೆಗೆ ತಂದ ಮೀನಿನ ಹೊಟ್ಟೆಯನ್ನು ಸೀಳಿ ಕರುಳನ್ನು ತೆಗೆದು ಎಸೆಯುತ್ತೇವೆ. ನುಂಗಿದ ಪ್ಲಾಸ್ಟಿಕ್ಕಿನ ಬಹುಪಾಲು ಕರುಳಿನಲ್ಲೇ ಇರುವುದರಿಂದ ಅದು ಅಲ್ಲಿಗೇ ತೊಲಗುತ್ತದೆ. ಕಾರ್ಖಾನೆಯಲ್ಲಿ ಹಾಗಾಗುವುದಿಲ್ಲ. ದಿನಕ್ಕೆ ನೂರಾರು ಟನ್ ಸಣ್ಣ ಮೀನನ್ನು ಸಂಸ್ಕರಿಸುವ ಕಡೆ ಒಂದೊಂದರ ಕರುಳು ತೆಗೆಯುವುದು ಸಾಧ್ಯವೇ ಇಲ್ಲ. ತಲೆ, ಮೂಳೆ, ಕರುಳು, ಹೊಟ್ಟೆಯೊಳಗಿನ ಸಕಲವೂ ಸೇರಿ ಮೀನು ಇಡಿಯಾಗಿ ಒಳಗೆ ಹೋಗುತ್ತದೆ. ಮೀನನ್ನು ಬಳಸುವ ಈ ಎರಡು ಕ್ರಮಗಳ ನಡುವಿನ ವ್ಯತ್ಯಾಸವೇ ಇಡೀ ಸಮಸ್ಯೆಯ ಬೇರು ಎಂದು ನಾನು ತಿಳಿದಿದ್ದೇನೆ.

ಕಾರ್ಖಾನೆಯ ಒಳಗಿನ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಮೀನು ಉದ್ದನೆಯ ಬೇಯಿಸುವ ಕೊಳವೆಗೆ ಬೀಳುತ್ತದೆ. ಅಲ್ಲಿ ಹಬೆಯ ಶಾಖಕ್ಕೆ 85ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಅದರ ಪ್ರೋಟೀನ್ ಗಟ್ಟಿಯಾಗುತ್ತದೆ, ಕೊಬ್ಬು ಕರಗಿ ಬಿಡುಗಡೆಯಾಗುತ್ತದೆ. ಬೆಂದದ್ದನ್ನು ತಿರುಪಿನ ಗಾಣದಲ್ಲಿ ಹಿಂಡಿದಾಗ ಒಂದು ಕಡೆ ಹಿಂಡಿಯೂ ಇನ್ನೊಂದು ಕಡೆ ನೀರು–ಎಣ್ಣೆಯ ಮಿಶ್ರಣವೂ ಹೊರಬರುತ್ತವೆ. ಆ ದ್ರವವನ್ನು ಕಡೆಯುವ ಯಂತ್ರಗಳಲ್ಲಿ ಸುತ್ತಿಸಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ಉಳಿದ ಅಂಟುನೀರಿನಲ್ಲಿ ಕರಗಿದ ಪ್ರೋಟೀನ್ ಇರುವುದರಿಂದ ಅದನ್ನು ಚೆಲ್ಲದೆ ಕುದಿಸಿ ದಪ್ಪಮಾಡಿ ಮತ್ತೆ ಹಿಂಡಿಗೇ ಸೇರಿಸುತ್ತಾರೆ. ನಂತರ ಒಣಗಿಸುವುದು, ಸುತ್ತಿಗೆ ಗಿರಣಿಯಲ್ಲಿ ಅರೆಯುವುದು, ಚೀಲಕ್ಕೆ ತುಂಬುವುದು.

ಈ ಹಾದಿಯಲ್ಲಿ ಪ್ಲಾಸ್ಟಿಕ್ ನಾಶವಾಗುವ ಜಾಗ ಒಂದೂ ಇಲ್ಲ. ಚೀಲಗಳಿಗೆ ಬಳಸುವ ಸಾಮಾನ್ಯ ಪಾಲಿಥಿನ್ ಕರಗಲು ನೂರು ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ. ನೀರಿನ ಬಾಟಲಿ ಮತ್ತು ಪಾಲಿಯೆಸ್ಟರ್ ಬಟ್ಟೆಯ ಪ್ಲಾಸ್ಟಿಕ್ 250 ಡಿಗ್ರಿವರೆಗೂ ತಡೆಯುತ್ತದೆ. ಬೇಯಿಸುವುದರಿಂದ ಸೂಕ್ಷ್ಮಾಣುಗಳು ಸಾಯುತ್ತವೆಯೇ ಹೊರತು ಪ್ಲಾಸ್ಟಿಕ್ ಜಗ್ಗುವುದಿಲ್ಲ. ನೀರಿನ ಜತೆ ಹೋದ ಕಣ ಅಂಟುನೀರಿನ ಮೂಲಕ ಹಿಂಡಿಗೇ ಮರಳುತ್ತದೆ. ಮೀನಿನ ಜತೆ ಸಿಕ್ಕಿಬಂದ ಬಲೆಯ ತುಂಡು ಅಥವಾ ಪ್ಲಾಸ್ಟಿಕ್ ಹಾಳೆ ಅರೆಯುವ ಮೊದಲೇ ಜರಡಿಯಲ್ಲಿ ಸಿಗದಿದ್ದರೆ ಸುತ್ತಿಗೆ ಗಿರಣಿ ಅದನ್ನೂ ನುಚ್ಚುಮಾಡುತ್ತದೆ. ಕಣ್ಣಿಗೆ ಕಾಣುತ್ತಿದ್ದ ಕಸ ಹೀಗೆ ಕಾರ್ಖಾನೆಯ ಒಳಗೇ ಕಾಣದ ಕಣವಾಗುತ್ತದೆ. ಗಾಳ, ಮೊಳೆಯಂಥ ಕಬ್ಬಿಣವನ್ನು ಹಿಡಿಯಲು ಇಂಥ ಕಾರ್ಖಾನೆಗಳಲ್ಲಿ ಅಯಸ್ಕಾಂತ ಅಳವಡಿಸುವುದುಂಟು. ಪ್ಲಾಸ್ಟಿಕ್ಕಿಗೆ ಅಂಥ ಅಯಸ್ಕಾಂತವಿಲ್ಲ.

ಇದಕ್ಕೆ ಮತ್ತೊಂದು ಲೆಕ್ಕ ಸೇರುತ್ತದೆ. ಒಂದು ಕಿಲೋ ಹುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಮೀನು ಬೇಕು. ಮೀನಿನ ತೂಕದ ಮುಕ್ಕಾಲು ಪಾಲಿನಷ್ಟು ನೀರು ಮತ್ತು ಎಣ್ಣೆಯ ರೂಪದಲ್ಲಿ ಹೊರಹೋಗುತ್ತದೆ, ಪ್ಲಾಸ್ಟಿಕ್ ಮಾತ್ರ ಬಹುಪಾಲು ಹಿಂದೆ ಉಳಿಯುತ್ತದೆ. ಒಂದು ಬೂತಾಯಿ ಸರಾಸರಿ ಐವತ್ತು ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಒಂದು ಕಿಲೋ ಹುಡಿಯಲ್ಲಿ ಸುಮಾರು ತೊಂಬತ್ತು ಮೀನುಗಳ ಕರುಳು ಅಡಗಿರುತ್ತದೆ. ಪ್ರತಿ ಮೀನಿನಲ್ಲಿ ಒಂದೇ ಒಂದು ಕಣ ಇದ್ದರೂ ಕಿಲೋ ಹುಡಿಯಲ್ಲಿ ತೊಂಬತ್ತು ಕಣಗಳಾದವು.

ಪ್ರಯೋಗಾಲಯಗಳಲ್ಲಿ ಸಿಕ್ಕ ಅಂಕಿಗಳು ಈ ಸರಳ ಲೆಕ್ಕದಿಂದ ತೀರಾ ದೂರವಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಥೀಲೆ ಮತ್ತು ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಿಲೋ ಮೀನು ಹುಡಿಗೆ ಸರಾಸರಿ ಸುಮಾರು 124 ಕಣಗಳು ಸಿಕ್ಕವು. ಅದೇ ವರ್ಷ ಟರ್ಕಿಯ ಚುಕುರೋವಾ ವಿಶ್ವವಿದ್ಯಾಲಯದ ಸೆದಾತ್ ಗುಂದೋಗ್ದು ನೇತೃತ್ವದ ತಂಡ ನಾಲ್ಕು ಖಂಡಗಳ 11 ದೇಶಗಳಿಂದ ಹಾಗೂ ಅಂಟಾರ್ಕ್ಟಿಕಾದಿಂದ ತರಿಸಿದ ಮಾದರಿಗಳನ್ನು ಹೋಲಿಸಿತು. ಕಿಲೋಗೆ ಸೊನ್ನೆಯಿಂದ 500ಕ್ಕೂ ಹೆಚ್ಚಿನ ಕಣಗಳವರೆಗೆ ಅಂಕಿಗಳು ಹರಡಿದ್ದವು; ಚೀನಾದ ಹುಡಿಯಲ್ಲಿ ಹೆಚ್ಚು, ಅಂಟಾರ್ಕ್ಟಿಕಾದ ಕ್ರಿಲ್ ಎಂಬ ಪುಟ್ಟ ಸಿಗಡಿಯಂಥ ಜೀವಿಯಿಂದ ಮಾಡಿದ ಹುಡಿಯಲ್ಲಿ ಮಾತ್ರ ಸೊನ್ನೆ. ಮಲೇಷ್ಯಾ, ಇರಾನ್ ಮತ್ತು ಬಾಂಗ್ಲಾದೇಶದ ಅಧ್ಯಯನಗಳೂ ಹುಡಿಯಲ್ಲಿ ಅಥವಾ ಸಿದ್ಧ ಮೀನಿನಾಹಾರದಲ್ಲಿ ಕಣಗಳನ್ನು ಗುರುತಿಸಿವೆ. ಇರಾನಿನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಕಣೆಯ ಸಾಮಾನ್ಯ ಗೆಂಡೆ ಮೀನುಗಳನ್ನೂ ಪರೀಕ್ಷಿಸಿ, ಹುಡಿಯಲ್ಲಿರುವ ಕಣಗಳಿಗೂ ಮೀನಿನಲ್ಲಿ ಸಿಕ್ಕ ಕಣಗಳಿಗೂ ನಂಟಿದೆ ಎಂದು 2019ರಲ್ಲಿ ತೋರಿಸಿದರು.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವ ದೇಶದ ಹುಡಿ ಹೆಚ್ಚು ಕೊಳಕು ಎಂದು ತೀರ್ಪು ಕೊಡುವ ಆತುರ ಬೇಡ. ಎಣಿಸುವ ವಿಧಾನ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುತ್ತದೆ. ಹುಡಿಯಿಂದ ಪ್ಲಾಸ್ಟಿಕ್ಕನ್ನು ಬೇರ್ಪಡಿಸಲು ಮೊದಲು ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರದಲ್ಲಿ ನೆನೆಹಾಕಿ ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸಬೇಕು. ಆಮೇಲೆ ಗಾಢವಾದ ಉಪ್ಪು ನೀರಿಗೆ ಹಾಕಿದರೆ ಹಗುರ ಪ್ಲಾಸ್ಟಿಕ್ ತೇಲುತ್ತದೆ, ಮೂಳೆಯ ಪುಡಿ ಮತ್ತು ಮರಳು ಮುಳುಗುತ್ತವೆ. ಆದರೆ ಸಾಮಾನ್ಯ ಅಡುಗೆ ಉಪ್ಪಿನ ದ್ರಾವಣದ ಸಾಂದ್ರತೆ 1.2ರಷ್ಟು ಮಾತ್ರ, ಬಾಟಲಿ ಪ್ಲಾಸ್ಟಿಕ್ಕಿನದು ಸುಮಾರು 1.38. ಆದ್ದರಿಂದ ಅಗ್ಗದ ಉಪ್ಪನ್ನು ಬಳಸಿದ ಪ್ರಯೋಗಾಲಯಕ್ಕೆ ಪಾಲಿಯೆಸ್ಟರ್ ಎಳೆಗಳು ಮೂಳೆಯ ಜತೆ ಮುಳುಗಿ ತಪ್ಪಿಹೋಗುತ್ತವೆ. ಸತುವಿನ ಕ್ಲೋರೈಡಿನಂಥ ಭಾರದ ದ್ರಾವಣ ಬಳಸಿದವರಿಗೆ ಅವೂ ಸಿಗುತ್ತವೆ. ಸೋಸುವ ಕಾಗದದ ರಂಧ್ರ ಎಷ್ಟು ಚಿಕ್ಕದು ಎಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಕಾಣುವ ಒಂದು ನೀಲಿ ಎಳೆ ಬಲೆಯ ನೈಲಾನೋ, ಪ್ರಯೋಗಾಲಯದ ಸಹಾಯಕರ ಬಟ್ಟೆಯಿಂದ ಉದುರಿದ ಹತ್ತಿಯೋ ಎಂದು ಹೇಳಲು ಕಣ್ಣೊಂದೇ ಸಾಲದು; ಅವಕೆಂಪು ಕಿರಣ ಅಥವಾ ರಾಮನ್ ರೋಹಿತದ ಉಪಕರಣದಿಂದ ಅದರ ರಾಸಾಯನಿಕ ಗುರುತನ್ನು ಓದಬೇಕು. ಮಲೇಷ್ಯಾದ ಅಧ್ಯಯನದಲ್ಲಿ ಪ್ಲಾಸ್ಟಿಕ್ ಇರಬಹುದೆಂದು ಆರಿಸಿದ ಕಣಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಾತ್ರ ನಿಜಕ್ಕೂ ಪ್ಲಾಸ್ಟಿಕ್ ಆಗಿದ್ದವು. ಸಿ. ವಿ. ರಾಮನ್ ಕಂಡುಹಿಡಿದ ಬೆಳಕಿನ ಚದುರುವಿಕೆ ಈಗ ಜಗತ್ತಿನಾದ್ಯಂತ ಈ ಕಣಗಳನ್ನು ಗುರುತಿಸುವ ಕೆಲಸಕ್ಕೆ ಬರುತ್ತಿದೆ ಎಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು.

ಮೀನಿನ ಕರುಳೊಂದೇ ಮೂಲ ಎಂದು ತಿಳಿದರೂ ತಪ್ಪಾಗುತ್ತದೆ. ಟ್ರಾಲ್ ಬಲೆ ನೈಲಾನ್ ಮತ್ತು ಗಟ್ಟಿ ಪಾಲಿಥಿನ್‌ನದು. ಅದು ಕಡಲ ತಳವನ್ನು ಉಜ್ಜುತ್ತಾ ಸಾಗುವಾಗ, ಹಗ್ಗ ರಾಟೆಯ ಮೇಲೆ ಹರಿಯುವಾಗ ಸವೆದ ನವಿರು ಎಳೆಗಳು ಹಿಡಿದ ಮೀನಿಗೇ ಅಂಟುತ್ತವೆ. ಮೀನನ್ನು ತುಂಬುವ ಬಣ್ಣದ ಕ್ರೇಟುಗಳ ಅಂಚು, ತರ್ಪಾಲು, ಥರ್ಮೋಕೋಲ್ ಪೆಟ್ಟಿಗೆ ಇವುಗಳಿಂದಲೂ ಕಣ ಉದುರುತ್ತದೆ. ತೀರದ ಮರಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿಲಿನಲ್ಲಿ ಒಣಗಿಸಿದ ಸಣ್ಣ ಮೀನನ್ನು ಪುಡಿಮಾಡಿ ಕೋಳಿ ಆಹಾರಕ್ಕೆ ಬಳಸುವ ಪದ್ಧತಿಯಿದ್ದು, ಅಲ್ಲಿ ಬಿಸಿಲಿಗೆ ಸುಟ್ಟು ಪುಡಿಯಾಗುತ್ತಿರುವ ಆ ಹಾಳೆಯೇ ಕಣಗಳ ಮೂಲವಾಗುತ್ತದೆ. ಕೊನೆಯದು ಚೀಲ. ಮೀನು ಹುಡಿಯನ್ನು ಸಾಮಾನ್ಯವಾಗಿ ಐವತ್ತು ಕಿಲೋದ ನೇಯ್ದ ಪಾಲಿಪ್ರೊಪಿಲೀನ್ ಚೀಲಗಳಲ್ಲಿ ತುಂಬುತ್ತಾರೆ. ಆಹಾರದ ಗಿರಣಿಯಲ್ಲಿ ಚೀಲದ ಬಾಯಿಯನ್ನು ಕತ್ತಿಯಿಂದ ಸೀಳಿ ಸುರಿಯುವಾಗ ಕತ್ತರಿಸಿದ ಅಂಚಿನಿಂದ ಬಿಳಿಯ ಪಟ್ಟಿಯಂಥ ನೂಲುಗಳು ಕಳಚಿ ಹುಡಿಯೊಡನೆ ಬೀಳುವುದನ್ನು ಯಾರು ಬೇಕಾದರೂ ಬರಿಗಣ್ಣಿನಿಂದ ನೋಡಬಹುದು. ಹಳೆಯ ಚೀಲಗಳನ್ನು ಮತ್ತೆ ಮತ್ತೆ ಬಳಸಿದಷ್ಟೂ ಈ ಉದುರುವಿಕೆ ಹೆಚ್ಚು.

ಈ ಕಾರಣಕ್ಕೇ ಮೀನು ಹುಡಿಯ ಬದಲು ಸೋಯಾ ಹಿಂಡಿ ಬಳಸಿದರೆ ಸಮಸ್ಯೆ ಮುಗಿಯಿತು ಎಂಬ ವಾದವನ್ನು ನಾನು ಒಪ್ಪಲಾರೆ. ಪ್ಲಿಮತ್ ನಗರದ ಸಂಶೋಧಕರು 2022ರಲ್ಲಿ ಮೀನು ಹುಡಿಯ ಜತೆಗೆ ಸೋಯಾ ಹಿಂಡಿಯನ್ನೂ ಪರೀಕ್ಷಿಸಿದಾಗ ಅದರಲ್ಲೂ ಕಣಗಳಿದ್ದವು. ಸಾಕಣೆಯ ಒಂದು ಸಾಲ್ಮನ್ ಮೀನು ತನ್ನ ಜೀವಿತದಲ್ಲಿ ಆಹಾರದ ಮೂಲಕ ಕನಿಷ್ಠ 1,788ರಿಂದ 3,013ರಷ್ಟು ಮಾನವನಿರ್ಮಿತ ಕಣಗಳನ್ನು ಎದುರಿಸುತ್ತದೆ ಎಂದು ಅವರು ಅಂದಾಜಿಸಿದರು. ಸೋಯಾ ಕಡಲನ್ನು ಕಂಡದ್ದಲ್ಲ. ಆದರೆ ಹೊಲದ ಮಣ್ಣು, ಗಿರಣಿಯ ಗಾಳಿ, ಸಾಗಣೆಯ ಚೀಲ ಇವು ಅದಕ್ಕೂ ತಪ್ಪಿದ್ದಲ್ಲ.

ಹಾಗಾದರೆ ನಮ್ಮ ಕೋಳಿ ಮತ್ತು ಸಿಗಡಿ ಎಷ್ಟು ತಿನ್ನುತ್ತವೆ? ಬ್ರಾಯ್ಲರ್ ಕೋಳಿಯೊಂದು ಆರು ವಾರಗಳಲ್ಲಿ ಸುಮಾರು ಮೂರೂವರೆ ಕಿಲೋ ಆಹಾರ ತಿನ್ನುತ್ತದೆ ಎಂದೂ ಅದರಲ್ಲಿ ನೂರಕ್ಕೆ ಮೂರು ಪಾಲು ಮೀನು ಹುಡಿ ಇದೆ ಎಂದೂ ಇಟ್ಟುಕೊಳ್ಳೋಣ. ಹುಡಿಯ ತೂಕ ನೂರು ಗ್ರಾಂ ಚಿಲ್ಲರೆ. ಸೌತಾಂಪ್ಟನ್‌ನ ಸರಾಸರಿಯ ಪ್ರಕಾರ ಅದರಲ್ಲಿ ಹದಿಮೂರು ಕಣಗಳು. ಒಂದು ಕಿಲೋ ಸಾಕಣೆ ಸಿಗಡಿ ಬೆಳೆಯಲು ಒಂದೂವರೆ ಕಿಲೋ ಆಹಾರ ಬೇಕು, ಅದರಲ್ಲಿ ಐದನೇ ಒಂದು ಪಾಲು ಮೀನು ಹುಡಿ ಎಂದು ಹಿಡಿದರೆ, ಕಿಲೋ ಸಿಗಡಿಗೆ ಮೂವತ್ತೇಳು ಕಣಗಳಾಗುತ್ತವೆ. ಕಿಲೋಗೆ ಅರವತ್ತು ತೂಗುವ ಸಿಗಡಿಯಾದರೆ ಒಂದಕ್ಕೆ ಒಂದು ಕಣವೂ ಬರುವುದಿಲ್ಲ. ಇವು ಎಣಿಕೆಗೆ ಸಿಕ್ಕಷ್ಟು ದೊಡ್ಡ ಕಣಗಳ ಲೆಕ್ಕ ಮಾತ್ರ. ಉಪಕರಣದ ಮಿತಿಗಿಂತ ಚಿಕ್ಕವು ಇದರ ಹೊರಗೇ ಉಳಿಯುತ್ತವೆ. ಆದರೂ ಒಂದು ತುಂಡು ಕೋಳಿ ಮಾಂಸದಲ್ಲಿ ಪ್ಲಾಸ್ಟಿಕ್ ತುಂಬಿದೆ ಎಂಬಂತೆ ಹರಿದಾಡುವ ಸಂದೇಶಗಳಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ತಿಂದದ್ದೆಲ್ಲ ಮಾಂಸಕ್ಕೆ ಸೇರುವುದೂ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಲಭ್ಯ ಸಂಶೋಧನೆಗಳನ್ನು ಪರಿಶೀಲಿಸಿ, 150 ಮೈಕ್ರೋಮೀಟರಿಗಿಂತ, ಅಂದರೆ ಮಿಲಿಮೀಟರಿನ ಏಳನೇ ಒಂದು ಭಾಗಕ್ಕಿಂತ, ದೊಡ್ಡ ಕಣಗಳು ಕರುಳಿನ ಗೋಡೆ ದಾಟುವ ಸಂಭವ ಕಡಿಮೆಯೆಂದೂ, ಅದಕ್ಕಿಂತ ಚಿಕ್ಕವುಗಳಲ್ಲೂ ಹೆಚ್ಚೆಂದರೆ ನೂರಕ್ಕೆ 0.3ರಷ್ಟು ಮಾತ್ರ ಹೀರಲ್ಪಡಬಹುದೆಂದೂ, ಒಂದೂವರೆ ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳಷ್ಟೇ ಅಂಗಾಂಗಗಳ ಆಳಕ್ಕೆ ಇಳಿಯಬಲ್ಲವೆಂದೂ ಹೇಳಿತು. ಉಳಿದವು ಹಿಕ್ಕೆಯಲ್ಲಿ ಹೊರಬೀಳುತ್ತವೆ. ಮೆಕ್ಸಿಕೋದ ಕಂಪೇಚೆ ಪ್ರಾಂತ್ಯದಲ್ಲಿ, ಕಸ ಸುಡುವ ಹಿತ್ತಿಲುಗಳಲ್ಲಿ ಮೇಯುವ ನಾಟಿ ಕೋಳಿಗಳನ್ನು ಪರೀಕ್ಷಿಸಿದ 2017ರ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿದೆ: ಒಂದು ಗ್ರಾಂ ಮಣ್ಣಿನಲ್ಲಿ ಒಂದಕ್ಕಿಂತ ಕಡಿಮೆ ಕಣವಿದ್ದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಸುಮಾರು 130 ಕಣಗಳಿದ್ದವು. ಆ ಕೋಳಿಗಳ ಕಲ್ಲಿಯಲ್ಲೂ, ಅಂದರೆ ಕಾಳು ಅರೆಯುವ ಗಟ್ಟಿ ಹೊಟ್ಟೆಯಲ್ಲೂ, ಸರಾಸರಿ ಹತ್ತು ಕಣಗಳು ಸಿಕ್ಕವು. ಅಲ್ಲಿಯ ಜನರಂತೆ ನಮ್ಮಲ್ಲೂ ಕಲ್ಲಿಯನ್ನು ಬಿಡಿಸಿ ತೊಳೆದು ತಿನ್ನುವವರು ಬಹಳ. ಒಳಪದರವನ್ನು ಸಂಪೂರ್ಣ ಸುಲಿದು ಚೆನ್ನಾಗಿ ತೊಳೆಯುವ ಹಳೆಯ ಅಭ್ಯಾಸಕ್ಕೆ ಇದರಿಂದ ಇನ್ನೊಂದು ಸಮರ್ಥನೆ ಸಿಕ್ಕಿದೆ. ಸಿಗಡಿಯ ಬೆನ್ನಿನ ಕಪ್ಪು ನರವೆಂದು ನಾವು ಕರೆಯುವುದು ಅದರ ಕರುಳೇ ಆದ್ದರಿಂದ ಅದನ್ನು ಎಳೆದು ತೆಗೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪ್ರಾಣಿಗಳ ಆರೋಗ್ಯದ ಪ್ರಶ್ನೆ ಇದಕ್ಕಿಂತ ತೊಡಕಿನದು. ಪ್ಲಾಸ್ಟಿಕ್ಕಿನಲ್ಲಿ ಮೃದುತ್ವಕ್ಕೂ ಬಣ್ಣಕ್ಕೂ ಬೆರೆಸಿದ ರಾಸಾಯನಿಕಗಳಿರುತ್ತವೆ; ಜತೆಗೆ ಕಡಲಿನಲ್ಲಿರುವ ಹಳೆಯ ಕೀಟನಾಶಕ ಮತ್ತು ಕೈಗಾರಿಕಾ ವಿಷಗಳು ಕಣದ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಅಮೆರಿಕದ ಚೆಲ್ಸಿ ರಾಕ್‌ಮನ್ ಮತ್ತು ಸಂಗಡಿಗರು 2013ರಲ್ಲಿ, ಸ್ಯಾನ್ ಡಿಯಾಗೋ ಕೊಲ್ಲಿಯ ನೀರಿನಲ್ಲಿ ನೆನೆಸಿಟ್ಟ ಪಾಲಿಥಿನ್ನನ್ನು ಆಹಾರದಲ್ಲಿ ಬೆರೆಸಿ ಪುಟ್ಟ ಮೀನುಗಳಿಗೆ ಎರಡು ತಿಂಗಳು ತಿನ್ನಿಸಿ, ಅವುಗಳ ಯಕೃತ್ತಿಗೆ ಹಾನಿಯಾದದ್ದನ್ನು ಕಂಡರು. ಆ ಪ್ರಯೋಗದಲ್ಲಿ ಆಹಾರದ ಹತ್ತನೇ ಒಂದು ಪಾಲು ಪ್ಲಾಸ್ಟಿಕ್ ಆಗಿತ್ತು ಎಂಬುದನ್ನು ಮರೆಯಬಾರದು. ಮೀನು ಹುಡಿಯಲ್ಲಿರುವುದು ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಆದ್ದರಿಂದ ಆ ಫಲಿತಾಂಶವನ್ನು ನೇರವಾಗಿ ಕೋಳಿ ಫಾರಂಗೆ ಎತ್ತಿ ತರುವುದು ಸರಿಯಲ್ಲ. ಹಾಗೆಯೇ ಕಣಗಳು ಒಂದೇ ಗಾತ್ರದಲ್ಲಿ ಉಳಿಯುತ್ತವೆ ಎಂದು ನಂಬಿ ನಿಶ್ಚಿಂತರಾಗುವುದೂ ಸಲ್ಲದು: ಅಂಟಾರ್ಕ್ಟಿಕಾದ ಕ್ರಿಲ್ ತಾನು ನುಂಗಿದ ಪಾಲಿಥಿನ್ ಕಣವನ್ನು ಹೊಟ್ಟೆಯಲ್ಲೇ ಅರೆದು ಮೈಕ್ರೋಮೀಟರಿಗಿಂತ ಚಿಕ್ಕದು ಮಾಡಬಲ್ಲದು ಎಂದು 2018ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ನನ್ನ ಮಟ್ಟಿಗೆ ಒಂದು ಕೋಳಿ ತಿನ್ನುವ ಹದಿಮೂರು ಕಣಗಳಿಗಿಂತ ದೊಡ್ಡ ಚಿಂತೆ ಬೇರೆಯದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಐವತ್ತು ಲಕ್ಷ ಟನ್ ಮೀನು ಹುಡಿ ತಯಾರಾಗುತ್ತದೆ. 2020ರಲ್ಲಿ ಅದರ ಶೇಕಡ 86ರಷ್ಟು ಮೀನು–ಸಿಗಡಿ ಸಾಕಣೆಗೇ ಹೋಯಿತು. ನಾವು ಕಡಲಿಗೆ ಎಸೆದ ಪ್ಲಾಸ್ಟಿಕ್ಕಿನ ಒಂದು ಪಾಲನ್ನು ಈ ಉದ್ಯಮ ಮೀನಿನ ಮೂಲಕ ಸಂಗ್ರಹಿಸಿ, ನುಣ್ಣಗೆ ಅರೆದು, ಕೆರೆಗಳಿಗೆ, ಸಿಗಡಿ ಹೊಂಡಗಳಿಗೆ, ಒಳನಾಡಿನ ಫಾರಂಗಳಿಗೆ ಹಂಚುತ್ತಿದೆ. ಹೊಂಡದಲ್ಲಿ ತಿನ್ನದೆ ಉಳಿದ ಆಹಾರ ತಳದ ಕೆಸರು ಸೇರುತ್ತದೆ. ಕೋಳಿಯ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಕರಾವಳಿಯಿಂದ ನೂರಾರು ಕಿಲೋಮೀಟರ್ ದೂರದ ಕೋಲಾರದ ಟೊಮೆಟೊ ಹೊಲದಲ್ಲೋ ದಾವಣಗೆರೆಯ ಅಡಿಕೆ ತೋಟದಲ್ಲೋ ಕೋಳಿ ಗೊಬ್ಬರ ಬಿದ್ದಲ್ಲಿಗೆ ಕಡಲಿನ ಕಣವೂ ತಲುಪಬಲ್ಲದು. ಪ್ರತಿ ಕೋಳಿಯ ಪಾಲು ಅಲ್ಪವಾದರೂ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಉಳಿಯುವ ಈ ವಸ್ತುವಿಗೆ ಕೊಳೆತು ಹೋಗುವ ಗುಣವಿಲ್ಲ.

ಇಷ್ಟಾದರೂ ಕಡಲಿನಿಂದ ಕೋಳಿಯ ತಟ್ಟೆಯವರೆಗೆ ಎಲ್ಲಿಯೂ ಇದನ್ನು ನಿತ್ಯದ ಕ್ರಮವಾಗಿ ಅಳೆಯುವುದಿಲ್ಲ. ಮೀನು ಹುಡಿಯ ಗುಣಮಟ್ಟ ನೋಡುವವರು ಪ್ರೋಟೀನ್, ತೇವಾಂಶ, ಕೊಬ್ಬು, ಬೂದಿ, ಉಪ್ಪು ಮತ್ತು ಮರಳಿನ ಪ್ರಮಾಣವನ್ನೂ ಸಾಲ್ಮೊನೆಲ್ಲಾ ರೋಗಾಣುವನ್ನೂ ಪರೀಕ್ಷಿಸುತ್ತಾರೆ. ಮರಳಿನ ಕಲಬೆರಕೆಯನ್ನು ಹಿಡಿಯುವ ಪರೀಕ್ಷೆ ಬಹಳ ಹಳೆಯದು ಮತ್ತು ಒಳ್ಳೆಯದು: ಹುಡಿಯನ್ನು 550ರಿಂದ 600 ಡಿಗ್ರಿ ಶಾಖದ ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ಆಮ್ಲದಲ್ಲಿ ಕುದಿಸಿದಾಗ ಕರಗದೆ ಉಳಿದದ್ದು ಮರಳು. ಆ ಕುಲುಮೆಯಲ್ಲಿ ಪ್ಲಾಸ್ಟಿಕ್ ಒಂದು ಕಣವೂ ಉಳಿಯದಂತೆ ಸುಟ್ಟುಹೋಗುತ್ತದೆ. ಪ್ರೋಟೀನನ್ನು ಅಳೆಯುವ ಪರೀಕ್ಷೆ ನಿಜದಲ್ಲಿ ಅಳೆಯುವುದು ಸಾರಜನಕವನ್ನು. ಬಲೆಯ ನೈಲಾನ್‌ನಲ್ಲಿ ತೂಕದ ಶೇಕಡ 12ರಷ್ಟು ಸಾರಜನಕವೇ ಇರುವುದರಿಂದ ಅದು ಪ್ರೋಟೀನಿನ ಲೆಕ್ಕಕ್ಕೇ ಸೇರಿಬಿಡುತ್ತದೆ. ಪ್ರಮಾಣ ನಗಣ್ಯವಾದ್ದರಿಂದ ಇದರಿಂದ ಯಾರಿಗೂ ಮೋಸವಾಗದು, ಆದರೆ ಈಗಿರುವ ಪರೀಕ್ಷೆಗಳು ಪ್ಲಾಸ್ಟಿಕ್ಕನ್ನು ಕಾಣಲೆಂದು ರೂಪುಗೊಂಡವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಯುರೋಪಿನ ಒಕ್ಕೂಟದಲ್ಲಿ ಆಹಾರೋದ್ಯಮದ ಹೊದಿಕೆಯ ಚೂರುಗಳು ಪಶು ಆಹಾರದಲ್ಲಿ ಇರಬಾರದು ಎಂಬ ನಿಷೇಧವಿದೆ. ಅದು ಬಿಸ್ಕತ್ತು, ಬ್ರೆಡ್ಡುಗಳ ಉಳಿಕೆಯನ್ನು ಹೊದಿಕೆಯ ಸಮೇತ ಅರೆಯುವವರನ್ನು ಗಮನದಲ್ಲಿಟ್ಟು ಮಾಡಿದ್ದೇ ಹೊರತು ಕಡಲಿನಿಂದ ಬರುವ ಕಣಕ್ಕಲ್ಲ.

ಕಡಲನ್ನು ಸೋಸಿ ಶುದ್ಧಮಾಡುವುದು ಯಾರಿಂದಲೂ ಆಗದ ಕೆಲಸ. ಮೀನು ಹುಡಿ ಕಾರ್ಖಾನೆ ಹಾಗಲ್ಲ: ಚದುರಿದ ಪ್ಲಾಸ್ಟಿಕ್ ಒಂದೇ ಬಾಗಿಲಿನಿಂದ ಹಾದುಹೋಗುವ ವಿರಳ ಜಾಗ ಅದು. ಅಲ್ಲಿ ಮಾಡಬಹುದಾದ ಮೊದಲ ಕೆಲಸಗಳಿಗೆ ಹೊಸ ವಿಜ್ಞಾನ ಬೇಕಿಲ್ಲ. ಮೀನು ಬೇಯಿಸುವ ಮುನ್ನ ಸಾಗುಪಟ್ಟಿಯ ಮೇಲೆ ಹರಡಿ ಬಲೆಯ ತುಂಡು, ಹಾಳೆ, ಹಗ್ಗಗಳನ್ನು ಆರಿಸಲು ಜನರನ್ನು ನೇಮಿಸಬೇಕು; ಒಣಗಿದ ಹಿಂಡಿಯನ್ನು ಅರೆಯುವ ಮೊದಲು ಜರಡಿ ಹಿಡಿಯುವುದನ್ನು ಕಡ್ಡಾಯ ಮಾಡಬೇಕು, ಏಕೆಂದರೆ ಅರೆದ ಮೇಲೆ ಹಿಡಿದ ಜರಡಿಗೆ ಸಿಗುವುದು ಕಡಿಮೆ. ಚೀಲದ ಬಾಯಿಯನ್ನು ಕತ್ತರಿಸದೆ ಹೊಲಿಗೆಯ ದಾರವನ್ನು ಎಳೆದು ಬಿಚ್ಚುವುದು, ಸವೆದ ಚೀಲವನ್ನು ಮತ್ತೆ ಬಳಸದಿರುವುದು, ಒಣಮೀನಿಗೆ ತರ್ಪಾಲಿನ ಬದಲು ಎತ್ತರದ ಕಟ್ಟೆ ಅಥವಾ ಸಿಮೆಂಟಿನ ನೆಲವನ್ನು ಕೊಡುವುದು ಗಿರಣಿಗೂ ಮೀನುಗಾರರ ಸಂಘಕ್ಕೂ ಎಟುಕುವ ಖರ್ಚು. ಕೇರಳದ ಕೊಲ್ಲಂ ಸಮೀಪದ ನೀಂಡಕರ ಬಂದರಿನಲ್ಲಿ 2017ರಿಂದ ಬೋಟಿನವರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಕಡಲಿಗೆ ಮರಳಿಸದೆ ದಡಕ್ಕೆ ತರುವ ಶುಚಿತ್ವ ಸಾಗರಂ ಯೋಜನೆ ಆರಂಭವಾಯಿತು. ಹಾಗೆ ತಂದ ಕಸ ನುಚ್ಚಾಗಿ ರಸ್ತೆ ಡಾಂಬರಿಗೆ ಸೇರಿತು. ಕರ್ನಾಟಕದಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ಇರುತ್ತವೆ, ಬಲೆಗಳ ದುರಸ್ತಿಯೂ ಆಗಲೇ ನಡೆಯುತ್ತದೆ. ಬಲೆ ಕತ್ತರಿಸುವಾಗ ಉದುರುವ ನೈಲಾನ್ ತುಂಡುಗಳನ್ನು ಗುಡಿಸಿ ಚೀಲಕ್ಕೆ ತುಂಬುವ ವ್ಯವಸ್ಥೆ ಬಂದರುಗಳಲ್ಲಿ ಆಗಬೇಕಾದದ್ದು ಆ ಎರಡು ತಿಂಗಳಲ್ಲಿ, ಏಕೆಂದರೆ ಹಾಗೆ ಬಿಟ್ಟ ತುಂಡುಗಳನ್ನು ಮುಂಗಾರಿನ ಮಳೆ ನೇರವಾಗಿ ಅಳಿವೆಗೆ ಒಯ್ಯುತ್ತದೆ.

ಜತೆಗೆ ಮೀನು ಹುಡಿಯ ಮಾನದಂಡದಲ್ಲಿ ಮರಳಿನ ಸಾಲಿನ ಕೆಳಗೆ ಪ್ಲಾಸ್ಟಿಕ್ಕಿಗೂ ಒಂದು ಸಾಲು ಬರಬೇಕು. ಆರಂಭದಲ್ಲಿಯೇ ಮೈಕ್ರೋಮೀಟರಿನ ಲೆಕ್ಕ ಕೇಳುವ ಅಗತ್ಯವಿಲ್ಲ. ಕ್ಷಾರದಲ್ಲಿ ಕರಗಿಸಿ, ಭಾರದ ದ್ರಾವಣದಲ್ಲಿ ತೇಲಿಸಿ, ಒಂದು ಮಿಲಿಮೀಟರಿಗಿಂತ ದೊಡ್ಡ ಚೂರುಗಳನ್ನು ಎಣಿಸಿ ತೂಗುವ ಪರೀಕ್ಷೆಯನ್ನು ಸಾಧಾರಣ ಪಶು ಆಹಾರ ಪ್ರಯೋಗಾಲಯವೂ ಮಾಡಬಲ್ಲದು. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ, ಸುರತ್ಕಲ್ ಮತ್ತು ಮಣಿಪಾಲಗಳಲ್ಲಿ ರೋಹಿತದ ಉಪಕರಣಗಳನ್ನು ಬಳಸಬಲ್ಲ ಸಂಸ್ಥೆಗಳಿವೆ, ಪರೀಕ್ಷಿಸಬೇಕಾದ ಹುಡಿ ಅಲ್ಲೇ ತಯಾರಾಗುತ್ತಿದೆ. ಋತುವಿಗೊಮ್ಮೆ ಪ್ರತಿ ಕಾರ್ಖಾನೆಯಿಂದ ಒಂದು ಚೀಲದ ಮಾದರಿ ತೆಗೆದು ಫಲಿತಾಂಶವನ್ನು ಕೋಳಿ ಮತ್ತು ಸಿಗಡಿ ಸಾಕುವ ರೈತರ ಕೈಗೆ ಕೊಟ್ಟರೆ, ಮುಂದಿನ ಚೀಲಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ.